ಪದಕ್ಕಿಷ್ಟು ಪೈಸೆ: ಬಳ್ಳಾರಿ ಮಾಡೆಲ್ ಪ್ರವಾಸ ಬರಹಗಾರ್ತಿಯ ಬಳಕೆ ಕೈಪಿಡಿ

ಅಭಿನಂದನೆಗಳು. ಬಳ್ಳಾರಿ ಮಾಡೆಲ್ ಪ್ರವಾಸ ಬರಹಗಾರ್ತಿ ಎಂಬ ಈ ಯಂತ್ರವನ್ನು ನೀವು ಮನೆಗೆ ತಂದಿದ್ದೀರಿ. ಅಥವಾ, ಬಹುಪಾಲು ಜನರಿಗೆ ಆಗುವಂತೆ, ಇದ್ದ ಕೆಲಸ ಬಿಟ್ಟ ಮಾರನೇ ಬೆಳಿಗ್ಗೆ ಯಂತ್ರ ತಾವೇ ಎಂಬುದು ಅರಿವಿಗೆ ಬಂದಿದೆ. ಊರೂರು ಸುತ್ತುವುದು, ಸುತ್ತಿದ್ದನ್ನು ಬರೆಯುವುದು, ಬರೆದದ್ದನ್ನು ಇಂಟರ್ನೆಟ್ಟಿನ ಪತ್ರಿಕೆಗಳಿಗೂ ಪ್ರವಾಸದ ವೆಬ್‌ಸೈಟುಗಳಿಗೂ ಮಾರುವುದು, ಮಾರಿ ಬದುಕುವುದು ಇದರ ನಾಲ್ಕು ಕೆಲಸ. ಮೊದಲ ಮೂರಕ್ಕೆ ಖಾತರಿ ಇದೆ.

ನಾನೂ ಒಂದು ಕಾಲಕ್ಕೆ ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದವಳು. ಆರು ವರ್ಷದಿಂದ ಈ ಯಂತ್ರವನ್ನು ಕೌಲ್‌ಬಜಾರಿನ ಒಂದು ಮಾಳಿಗೆ ಕೋಣೆಯಿಂದ ಓಡಿಸುತ್ತಿದ್ದೇನೆ. ಕೈಪಿಡಿ ಇಲ್ಲದೆ ಓಡಿಸಿದ್ದರ ಫಲವನ್ನು ಉಂಡಿದ್ದೇನೆ, ಕೆಲವು ತಿಂಗಳು ಉಣ್ಣದೆಯೂ ಇದ್ದೇನೆ. ಆದ್ದರಿಂದ ಚಾಲೂ ಮಾಡುವ ಮುನ್ನ ಇದನ್ನು ಪೂರ್ತಿ ಓದಿ.

1. ಪೆಟ್ಟಿಗೆಯೊಳಗೆ ಏನೇನಿದೆ

ಮೂಲೆ ಬಿರಿದ ಮೊಬೈಲು ಒಂದು. ಪವರ್ ಬ್ಯಾಂಕು ಒಂದು. ನೀರಿನ ಬಾಟಲಿ ಎರಡು. ಒಂದು ಕುಡಿಯಲು, ಇನ್ನೊಂದು ಬಸ್ಸಿನಲ್ಲಿ ಪಕ್ಕದವರು ಕೇಳಲು. ಛತ್ರಿ ಒಂದು, ಮಳೆಗಲ್ಲ. ಇನ್ನೂರು ಪುಟದ ನೋಟ್‌ಬುಕ್ಕು. ಅಮ್ಮನ ಒಂದೇ ಪ್ರಶ್ನೆ: "ಯಾವ ಬಸ್ಸಿಗೆ ವಾಪಸ್ ಬರ್ತೀಯ?"

ಎಲ್ಲಕ್ಕಿಂತ ಮುಖ್ಯವಾದ ಬಿಡಿಭಾಗ ಆಧಾರ್ ಕಾರ್ಡು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹತ್ತಿ ಕಾರ್ಡು ತೋರಿಸಿದರೆ ಕಂಡಕ್ಟರಣ್ಣ ಶೂನ್ಯದ ಟಿಕೆಟ್ ಹರಿದು ಕೊಡುತ್ತಾರೆ. ಪ್ರಪಂಚದಲ್ಲಿ ಪ್ರಯಾಣದ ಖರ್ಚೇ ಇಲ್ಲದ ಪ್ರವಾಸ ಬರಹಗಾರರು ಎಷ್ಟು ಜನ ಇದ್ದಾರು? ನಾವಿದ್ದೇವೆ. ಇದರ ಅಡ್ಡಪರಿಣಾಮವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಸಂಪಾದಕರೊಬ್ಬರು "ಪ್ರಯಾಣ ವೆಚ್ಚ ಕೊಡುತ್ತೇವೆ, ಬಿಲ್ ಕಳಿಸಿ" ಎಂದರು. ನಾನು ಪ್ರಾಮಾಣಿಕಳಾಗಿ ಹದಿನಾಲ್ಕು ಟಿಕೆಟ್‌ಗಳನ್ನು ಸ್ಕ್ಯಾನ್ ಮಾಡಿ ಕಳಿಸಿದೆ. ಒಟ್ಟು ಮೊತ್ತ ಸೊನ್ನೆ. ಲೆಕ್ಕಪತ್ರ ವಿಭಾಗದವರು ತಕ್ಷಣ ಮಂಜೂರು ಮಾಡಿದರು. ಅವರಿಂದ ಹೊತ್ತಿಗೆ ಸರಿಯಾಗಿ ಬಂದ ಪಾವತಿ ಅದೊಂದೇ.

2. ಮುನ್ನೆಚ್ಚರಿಕೆಗಳು

ಬಿಸಿಲು: ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೇ ಜೋಕನ್ನು ಲೇಖನದಲ್ಲಿ ಬಳಸಬೇಡಿ. ಊರಿನವರು ಅದನ್ನು ಹೆಮ್ಮೆಯಿಂದ ಆಡಿಕೊಳ್ಳುತ್ತಾರೆ. ಹೊರಗಿನವರು ಆಡಿದರೆ ಜಗಳ. ಇದರ ತದ್ವಿರುದ್ಧ ಸಮಸ್ಯೆಯೂ ಬರುತ್ತದೆ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ಮೇಲೆ ಸಿರುಗುಪ್ಪದ ಭತ್ತದ ಗದ್ದೆಗಳು ಕಣ್ಣು ಕುಕ್ಕುವಷ್ಟು ಹಸಿರು. ಆ ಫೋಟೋ ಕಳಿಸಿದರೆ "ಇದು ಮಲೆನಾಡಿನ ಹಾಗಿದೆ, ಬಳ್ಳಾರಿಯದ್ದು ಕಳಿಸಿ" ಎಂದು ವಾಪಸ್ ಬರುತ್ತದೆ. ಅವರಿಗೆ ಬೇಕಾದ ಬಳ್ಳಾರಿ ಕೆಂಪು ಧೂಳಿನದು, ಅದಿರಿನ ಲಾರಿಯದು. ನಾನು ಎರಡು ಫೋಲ್ಡರು ಇಟ್ಟುಕೊಂಡಿದ್ದೇನೆ: ಇರುವ ಬಳ್ಳಾರಿ, ಕೇಳುವ ಬಳ್ಳಾರಿ.

ಹಂಪಿ: ಈ ಯಂತ್ರದ ಜೊತೆ ಹಂಪಿ ಬರುವುದಿಲ್ಲ. 1443ರಲ್ಲಿ ಪಾರಸಿ ರಾಯಭಾರಿ ಅಬ್ದುರ್ ರಜಾಕ್, 1520ರ ಸುಮಾರಿಗೆ ಪೋರ್ಚುಗೀಸ್ ಪಯಣಿಗ ದೊಮಿಂಗೊ ಪಾಯಸ್, ನಮ್ಮ ಕಾಲಕ್ಕೆ ಹತ್ತಿರವಾಗಿ 'ಪಂಪಾಯಾತ್ರೆ' ಬರೆದ ವಿ. ಸೀತಾರಾಮಯ್ಯ, ಹೀಗೆ ಆ ಊರಿನ ಮೇಲೆ ಬರೆದವರ ಸಾಲು ದೊಡ್ಡದು. ಅವರಲ್ಲಿ ಯಾರಿಗೂ ಪದಕ್ಕಿಷ್ಟು ಎಂದು ಲೆಕ್ಕ ಹಾಕಬೇಕಾದ ಗತಿ ಬಂದಂತಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆಯ ಜೊತೆ ಹಂಪಿಯೂ ಹೋಯಿತು, ತುಂಗಭದ್ರಾ ಅಣೆಕಟ್ಟೂ ಹೋಯಿತು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ನಮಗುಳಿದವು. ಈ ವಿಷಯದಲ್ಲಿ ಹರಪನಹಳ್ಳಿಯ ಕಥೆಯೇ ಕಥೆ. ಹಾಸ್ಯ ಸಾಹಿತಿ ಬೀಚಿ 1913ರಲ್ಲಿ ಅಲ್ಲಿ ಹುಟ್ಟಿದಾಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕೂತಲ್ಲೇ ಇಷ್ಟು ಪ್ರವಾಸ ಮಾಡಿದ ಊರು ಇನ್ನೊಂದಿಲ್ಲ. ಬೀಚಿಯ ತಿಂಮ ಇದ್ದಿದ್ದರೆ ಅದಕ್ಕೂ ಒಂದು ಶೂನ್ಯದ ಟಿಕೆಟ್ ಕೇಳುತ್ತಿದ್ದ.

ಕೆಲಸ ಕೊಡುವವರು: ಬಳ್ಳಾರಿ ಕೋಟೆಗೆ ಹೋದವರಿಗೆಲ್ಲ ಒಂದು ಕಥೆ ಕಿವಿಗೆ ಬೀಳುತ್ತದೆ. ಮೇಲಿನ ಕೋಟೆ ಪಾಳೆಯಗಾರ ಹನುಮಪ್ಪ ನಾಯಕನದು. 1769ರ ಸುಮಾರಿಗೆ ಊರನ್ನು ಹಿಡಿದ ಹೈದರಾಲಿ ಫ್ರೆಂಚ್ ಎಂಜಿನಿಯರನೊಬ್ಬನನ್ನು ಕರೆಸಿ ಅದನ್ನು ಭದ್ರಪಡಿಸಿದ, ಕೆಳಗಿನ ಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇರುವುದು ಕಣ್ಣಿಗೆ ಬಿತ್ತು. ಶತ್ರು ಅಲ್ಲಿಂದಲೇ ತೋಪು ಹಾರಿಸಬಹುದು. ಎಂಜಿನಿಯರನನ್ನು ನೇಣಿಗೆ ಹಾಕಿಸಿದನಂತೆ. ಜನ ಇದನ್ನು ಹೈದರನ ಸಿಟ್ಟಿನ ಕಥೆಯಾಗಿ ಹೇಳುತ್ತಾರೆ. ನಾನು ಇದನ್ನು ಬಳ್ಳಾರಿಯ ಮೊದಲ ಫ್ರೀಲಾನ್ಸರನ ಕಥೆಯಾಗಿ ಓದುತ್ತೇನೆ. ಗುತ್ತಿಗೆ ಕೆಲಸ ಒಪ್ಪಿಸಿದ, ಒಪ್ಪಿಸಿದ ಮೇಲೆ ತಿದ್ದುಪಡಿ ಬಂತು, ಪಾವತಿ ಹೀಗಾಯಿತು. ಆ ಮನುಷ್ಯನ ಹೆಸರು ಕಥೆ ಹೇಳುವವರಾರ ಬಾಯಲ್ಲೂ ಇಲ್ಲ. ಈ ಅಂಶವನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

3. ಬಿಡಿಭಾಗಗಳ ಜೋಡಣೆ

ನಮ್ಮ ಕಸುಬಿನಲ್ಲಿ ದುಡ್ಡು ಪದಕ್ಕಿಷ್ಟು ಎಂದು. ನನಗೆ ಮೊದಲು ಸಿಕ್ಕ ದರ ಪದಕ್ಕೆ 50 ಪೈಸೆ. ಇಲ್ಲಿ ಕನ್ನಡಕ್ಕೆ ಹುಟ್ಟಿನಿಂದಲೇ ಒಂದು ನಷ್ಟ ಅಂಟಿಕೊಂಡಿದೆ. "ಹೋಗಲಾಗುತ್ತಿರಲಿಲ್ಲವಂತೆ" ಎಂದು ಬರೆದರೆ ಕಂಪ್ಯೂಟರಿನ ಎಣಿಕೆಯಲ್ಲಿ ಒಂದು ಪದ, ಎಂಟಾಣೆ. "ಹೋಗಲು ಆಗುತ್ತಾ ಇರಲಿಲ್ಲ ಅಂತೆ" ಎಂದು ಬಿಡಿಸಿ ಬರೆದರೆ ಎರಡು ರೂಪಾಯಿ. ಶಾಲೆಯಲ್ಲಿ ಮಕ್ಕಳಿಗೆ ಸಂಧಿ ಕಲಿಸುವಾಗ ಇದು ನನಗೆ ಹೊಳೆದಿರಲಿಲ್ಲ. ಲೋಪಸಂಧಿಯಲ್ಲಿ ಸ್ವರದ ಜೊತೆ ರೊಕ್ಕವೂ ಲೋಪವಾಗುತ್ತದೆ. ಆಗಮಸಂಧಿಯಲ್ಲಿ ಯಕಾರ ಬರುತ್ತದೆ, ವಕಾರ ಬರುತ್ತದೆ, ರೊಕ್ಕ ಮಾತ್ರ ಬರುವುದಿಲ್ಲ. ಸಮಾಸವಂತೂ ಶುದ್ಧ ದಿವಾಳಿತನ. ಹಾಗೆಂದು ಎಲ್ಲವನ್ನೂ ಬಿಡಿಸಿ ಬರೆದರೆ ಬರಹ ಮಂಡಕ್ಕಿಯ ಹಾಗೆ ಉದುರುತ್ತದೆ. ಬಾಡಿಗೆ ಕಟ್ಟುವ ವಾರ ಬಿಡಿಸಿ ಬರೆಯಿರಿ, ಉಳಿದ ದಿನ ಕೂಡಿಸಿ ಬರೆಯಿರಿ.

ಫಾಂಟು ಎರಡನೇ ಬಿಡಿಭಾಗ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳು ಜಾರುತ್ತವೆ, ಅರ್ಕಾವೊತ್ತು ಪಕ್ಕದ ಮನೆಗೆ ಹೋಗಿ ಕೂರುತ್ತದೆ. ಮೊದಲ ವರ್ಷ ನನ್ನ ಒಂದು ಲೇಖನದಲ್ಲಿ 'ದುರ್ಗಮ್ಮನ ಗುಡಿ' ಎಲ್ಲ ಕಡೆ 'ದುಗರ್ಮ್ಮನ ಗುಡಿ' ಎಂದು ಅಚ್ಚಾಗಿ, ಬಳ್ಳಾರಿಯ ಕನಕದುರ್ಗಮ್ಮನ ಸಿಟ್ಟಿಗೂ ನಮ್ಮತ್ತೆಯ ಸಿಟ್ಟಿಗೂ ಒಟ್ಟಿಗೆ ಗುರಿಯಾದೆ. ದುರ್ಗಮ್ಮ ಬೇಗ ಕ್ಷಮಿಸಿದಳು.

ಇನ್ನು ಹೆಸರಿನ ವಿಷಯ. ನಮ್ಮ ಓಣಿಯಲ್ಲಿ ಅರ್ಧ ಮನೆಗಳಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತದೆ. ಬಳ್ಳಾರಿಯ ಜೀನ್ಸ್ ಗೊತ್ತಲ್ಲ, ಅದು. ಎದುರು ಮನೆಯ ಅಕ್ಕ ಪ್ಯಾಂಟಿನ ಹಿಂದಿನ ಜೇಬು ಕೂರಿಸುತ್ತಾರೆ. ನನ್ನ ಕೆಲಸ ಏನು ಎಂದು ಓಣಿಯಲ್ಲಿ ಯಾರಿಗೂ ಸರಿಯಾಗಿ ವಿವರಿಸಲಾಗದೆ ಸೋತಿದ್ದ ನನಗೆ ಅವರು ಒಂದೇ ಪ್ರಶ್ನೆಯಲ್ಲಿ ದಾರಿ ತೋರಿಸಿದರು: "ಪೀಸಿಗೆಷ್ಟು?" ಹೇಳಿದೆ. ಅವರು ಲೆಕ್ಕ ಹಾಕಿ, "ನನ್ ಜೇಬೇ ವಾಸಿ ಬಿಡಮ್ಮ," ಎಂದರು. ಸೂಜಿ ನಿಲ್ಲಿಸದೆ ಮತ್ತೆ ಕೇಳಿದರು: "ಅದರ ಮ್ಯಾಲೆ ನಿನ್ ಹೆಸರು ಬರ್ತೈತಾ?"

ಬರುವುದಿಲ್ಲ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಬರಹ ವೆಬ್‌ಸೈಟಿನ 'ಡೆಸ್ಕ್' ಹೆಸರಿನಲ್ಲಿ ಹೋಗುತ್ತದೆ. ಕೆಲವು ಎಂದೂ ಬಳ್ಳಾರಿಗೆ ಬಾರದವರ ಹೆಸರಿನಲ್ಲೂ ಹೋಗುತ್ತವೆ. "ನಂದೂ ಅಷ್ಟೇ," ಎಂದು ಅಕ್ಕ ಪ್ಯಾಂಟು ತಿರುಗಿಸಿ ತೋರಿಸಿದರು. ಸೊಂಟಪಟ್ಟಿಯ ಮೇಲೆ ಚರ್ಮದ ಲೇಬಲ್ಲು ಕೂರಿಸಲು ಎರಡು ಗುರುತು ಹಾಕಿತ್ತು. ಲೇಬಲ್ಲು ಬೇರೆ ಊರಿನಲ್ಲಿ ಬೀಳುತ್ತದಂತೆ.

4. ಚಾಲನೆ: ಸಮೀಪದ ಓಟ (ಕುರುಗೋಡು)

ಮೊದಲ ಚಾಲನೆಗೆ ದೂರದ ಊರು ಬೇಡ. ಬಳ್ಳಾರಿಯಿಂದ ಕುರುಗೋಡು ಸುಮಾರು ಮೂವತ್ತು ಕಿಲೋಮೀಟರು. ಕಲ್ಯಾಣ ಚಾಲುಕ್ಯರ ಕೆಳಗೆ ಆಳಿದ ಸಿಂದರ ಒಂದು ಮನೆತನಕ್ಕೆ ರಾಜಧಾನಿಯಾಗಿದ್ದ ಊರು. ಗುಡ್ಡದ ಬುಡದಲ್ಲಿ ಅವರ ಕಾಲದ ಗುಡಿಗಳು ಚೆದುರಿ ನಿಂತಿವೆ. ಊರೊಳಗೆ ದೊಡ್ಡ ಬಸವೇಶ್ವರ. ಬೇರೆಲ್ಲ ಕಡೆ ಶಿವನ ಎದುರು ಬಾಗಿಲ ಕಾಯುವ ನಂದಿ ಇಲ್ಲಿ ತಾನೇ ಗರ್ಭಗುಡಿಯ ಒಡೆಯ. ಒಂದೇ ಕಲ್ಲಿನ ಆ ಬಸವಣ್ಣನ ಮುಂದೆ ನಿಂತರೆ ಮೊದಲು ಕಾಣುವುದು ಮುಸುಡಿ, ಆಮೇಲೆ ಕತ್ತೆತ್ತಿದರೆ ಕಣ್ಣು. ಅಳತೆ ಪಟ್ಟಿ ಹಿಡಿದು ಹೋಗುವವರಿಗೆ ಸೂಚನೆ: ಪೂಜಾರಿಯವರನ್ನು ಎಷ್ಟು ಅಡಿ ಎಂದು ಕೇಳಬೇಡಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಬಸವಣ್ಣ ಇನ್ನೂ ಬೆಳೆಯುತ್ತಿದ್ದಾನೆ ಎಂದೂ ಸೇರಿಸುತ್ತಾರೆ.

ನನಗೆ ಬಂದಿದ್ದ ಆರ್ಡರು ಹೀಗಿತ್ತು: "ಕುರುಗೋಡಿಗೆ ನೀವು ಹೋಗಲೇಬೇಕಾದ ಐದು ಕಾರಣಗಳು, 600 ಪದ, ನಾಳೆ ಬೆಳಿಗ್ಗೆ." ಮಧ್ಯಾಹ್ನದ ಹೊತ್ತಿಗೆ ಮೂರು ಕಾರಣ ಸಿಕ್ಕಿದ್ದವು. ಉಳಿದೆರಡನ್ನು ಹುಡುಕುತ್ತ ಊರ ಹೊರಗೆ ಬಂದರೆ ರಸ್ತೆ ಪಕ್ಕದ ಬಯಲಿಗೆ ಬಯಲೇ ಕೆಂಪು, ಮೆಣಸಿನಕಾಯಿ ಒಣಹಾಕಿದ್ದ ಕಣ. ತಲೆಗೆ ಟವೆಲು ಸುತ್ತಿಕೊಂಡ ಏಳೆಂಟು ಹೆಂಗಸರು ಸಾಲಾಗಿ ಕೂತು ಬಿಳಿಚಿದ ಕಾಯಿ ಬೇರೆ ಮಾಡುತ್ತಿದ್ದರು. ನಾನು ಸೀನುತ್ತ ಸೀನುತ್ತ ಪ್ರಶ್ನೆ ಕೇಳಿದೆ. ಎಲ್ಲರಿಗಿಂತ ಹಿರಿಯಳಾದ ಅಜ್ಜಿ ನನ್ನ ಪೆನ್ನನ್ನೇ ನೋಡುತ್ತಿದ್ದವಳು, "ಕೂತ್ಕಂಡು ಮಾತಾಡಾಕಿ ಕೈ ಯಾಕ ಖಾಲಿ ಇಟ್ಕಂಡೀಯವ್ವ?" ಎಂದಳು.

ಕೂತೆ. ಒಳ್ಳೆಯ ಕಾಯಿ ಬೆರಳಿಗೆ ಸಿಕ್ಕರೆ ಗೊತ್ತಾಗುತ್ತದೆ: ಮೈ ಸುಕ್ಕು ಸುಕ್ಕು, ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ಕೆಟ್ಟ ಕಾಯಿ ಕಾಗದದ ಹಾಗೆ ಹಗುರ, ಸದ್ದಿಲ್ಲ. ಅರ್ಧ ಗಂಟೆಯಲ್ಲಿ ಬೆರಳ ತುದಿ ಉರಿಯತೊಡಗಿತು, ಮರೆತು ಕಣ್ಣುಜ್ಜಿಕೊಂಡೆ, ಕಣದಲ್ಲಿ ನಗು ಎದ್ದಿತು. ಅಜ್ಜಿ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಕಣ್ಣೊರೆಸಿದಳು. ಅಷ್ಟಾದ ಮೇಲೆ ಅವರೆಲ್ಲ ಮಾತಾಡಿದರು. ಅದಕ್ಕೆ ಮುಂಚೆ ಉತ್ತರ ಕೊಟ್ಟಿದ್ದರು, ಅಷ್ಟೇ.

ಈ ಕಾಯಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಬ್ಯಾಡಗಿಗೆ. ಅಲ್ಲಿಯ ಮಾರುಕಟ್ಟೆಯಲ್ಲಿ ಹರಾಜಾಗಿ ಊರೂರಿಗೆ ಹೋಗುತ್ತದೆ. ತಿನ್ನುವವರು ಏನೆನ್ನುತ್ತಾರೆ? "ಬ್ಯಾಡಗಿ ಮೆಣಸಿನಕಾಯಿ ಅಂತಾರ. ಮತ್ತೇನಂತಾರ?" ಜೀನ್ಸಿನ ಅಕ್ಕನ ಲೇಬಲ್ಲು ನೆನಪಾಯಿತು.

ಒಂದು ವಸ್ತುವನ್ನು ಮಾತ್ರ ನಾಡೆಲ್ಲ ನಮ್ಮ ಊರಿನ ಹೆಸರು ಹಿಡಿದು ಕರೆಯುತ್ತಾರೆ: ಬಳ್ಳಾರಿ ಜಾಲಿ. ಬೆರಳುದ್ದ ಮುಳ್ಳು, ಕೆರೆಯಂಗಳ ನುಂಗುವ ಕಂಟಿ, ಕಡಿದಷ್ಟೂ ಚಿಗುರುವುದು. ಅದಾದರೂ ಇಲ್ಲಿಯದೇ ಎಂದರೆ ಅಮೆರಿಕ ಖಂಡದಿಂದ ಬಂದ ಗಿಡ. ನಮ್ಮದು ಬೇರೆಯವರ ಹೆಸರಿನಲ್ಲಿ, ಬೇರೆಯವರ ಮುಳ್ಳು ನಮ್ಮ ಹೆಸರಿನಲ್ಲಿ.

ಆ ರಾತ್ರಿ ಐದು ಕಾರಣಗಳ ಬದಲು ಒಂದು ಕಣದ ಬಗ್ಗೆ 1,100 ಪದ ಬರೆದೆ. 600ಕ್ಕೆ ಕತ್ತರಿಸಿ, ಕಣ ತೆಗೆದು, ಐದು ಕಾರಣ ಸೇರಿಸಿ ಪ್ರಕಟಿಸಿದರು. ಐದನೇ ಕಾರಣ "ಫೋಟೋ ತೆಗೆಯಲು ಉತ್ತಮ ಬೆಳಕು."

5. ಚಾಲನೆ: ಏರುದಾರಿ (ಸಂಗನಕಲ್ಲು, ಕಪ್ಪಗಲ್ಲು)

ಇಂಟರ್ನೆಟ್ಟಿಗೆ ಅತಿ ಪ್ರಿಯವಾದ ತಲೆಬರಹ "ಯಾರಿಗೂ ಗೊತ್ತಿಲ್ಲದ" ಎಂದು ಶುರುವಾಗುತ್ತದೆ. ಯಾರಿಗೂ ಗೊತ್ತಿಲ್ಲದ ಕೋಟೆ, ಯಾರಿಗೂ ಗೊತ್ತಿಲ್ಲದ ಬೆಟ್ಟ. ಈ ಗುಂಡಿಯನ್ನು ಒತ್ತುವ ಮುಂಚೆ ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಅಲ್ಲಿಯ ಗುಡ್ಡಗಳ ಮೇಲೆ ನವಶಿಲಾಯುಗದ ಜನ ಬದುಕಿದ್ದರು. ಕಪ್ಪು ಡಾಲರೈಟ್ ಕಲ್ಲನ್ನು ಒಡೆದು ಕೊಡಲಿ ಮಾಡುವ ಕಾರ್ಖಾನೆಯೇ ಅಲ್ಲಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದನ್ನು ದಾಖಲಿಸಿದರು. ಬಳ್ಳಾರಿಯಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ಕಪ್ಪಗಲ್ಲಿನ ಗುಡ್ಡದಲ್ಲಿ ಗ್ರಾನೈಟಿನ ನಡುವೆ ಹಾದುಹೋದ ಡಾಲರೈಟ್ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳು, ಉದ್ದ ಕೊಂಬಿನ ದನಗಳು, ಮನುಷ್ಯರು. ಕೆಲವು ಬಂಡೆಗಳಲ್ಲಿ ಬೋಗುಣಿಯಂಥ ನುಣುಪು ಗುಳಿಗಳಿವೆ. ಅಲ್ಲಿ ಗುಂಡುಕಲ್ಲಿನಿಂದ ಬಡಿದರೆ ಬಂಡೆ ಜಾಗಟೆಯ ಹಾಗೆ ನುಡಿಯುತ್ತದೆ. ಆ ಗುಳಿಗಳು ಸಾವಿರಾರು ವರ್ಷದ ಬಡಿತದ ಸವಕಳಿ. ನೀವು ಬಡಿಯಬೇಡಿ. ಅಂಗೈ ಇಟ್ಟು ನೋಡಿ, ಸಾಕು. ಸುತ್ತಲಿನ ಕಲ್ಲು ಒರಟು, ಗುಳಿ ಮಾತ್ರ ಒರಳಿನ ಒಳಮೈಯಂತೆ.

1892ರಲ್ಲಿ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಚಿತ್ರಗಳ ಬಗ್ಗೆ ಬರೆದರು. ಆಮೇಲೆ ಈ ಜಾಗ ವಿದ್ವಾಂಸರ ಕಣ್ಣಿನಿಂದ ಮರೆಯಾಗಿ, ಈ ಶತಮಾನದ ಆರಂಭದಲ್ಲಿ ನಿಕೋಲ್ ಬೊವಾನ್, ರವಿ ಕೋರಿಶೆಟ್ಟರ್ ಮುಂತಾದವರ ತಂಡ ಕೆಲಸ ಮಾಡಿದಾಗ "ಮರುಶೋಧನೆ" ಆಯಿತು ಎಂದು ಸುದ್ದಿ ಬಂತು. ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದ ತಾತನನ್ನು ಕೇಳಿದೆ: ನಡುವೆ ಅಷ್ಟು ವರ್ಷ ಈ ಕಲ್ಲುಗಳು ಎಲ್ಲಿ ಕಳೆದುಹೋಗಿದ್ದವು? ತಾತ ಕುರಿ ಎಣಿಸುವುದನ್ನು ನಿಲ್ಲಿಸಿ, "ಇಲ್ಲೇ ಇದ್ವಲ್ಲವ್ವ. ನಾವ್ ಹುಡುಗ್ರಿದ್ದಾಗ ಬಾರಿಸ್ತಿದ್ವಿ," ಎಂದ.

ಅಂದಿನಿಂದ "ಯಾರಿಗೂ ಗೊತ್ತಿಲ್ಲದ" ಎಂದು ಬರೆಯುವಾಗೆಲ್ಲ ತಾತನ ಮುಖ ಅಡ್ಡ ಬರುತ್ತದೆ. ಈಗ "ನನಗೆ ಗೊತ್ತಿಲ್ಲದಿದ್ದ" ಎಂದು ಬರೆಯುತ್ತೇನೆ. ಸಂಪಾದಕರು ಅದನ್ನು ಮತ್ತೆ "ಯಾರಿಗೂ" ಎಂದು ತಿದ್ದುತ್ತಾರೆ.

6. ದೋಷ ನಿವಾರಣೆ

ದೋಷ: ಲೇಖನ ಪ್ರಕಟವಾಗಿದೆ, ದುಡ್ಡು ಬಂದಿಲ್ಲ.
ಕಾರಣ: ಇದು ದೋಷವಲ್ಲ, ಯಂತ್ರದ ಸಹಜ ಸ್ಥಿತಿ.
ಪರಿಹಾರ: ಉದ್ಯಮ್ ನೋಂದಣಿ ಮಾಡಿಸಿ, ಪುಕ್ಕಟೆ. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಉದ್ದಿಮೆಗೆ 45 ದಿನದೊಳಗೆ ಪಾವತಿ ಆಗಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಈ ಕಲಮನ್ನು ವಿನಯದಿಂದ ಉಲ್ಲೇಖಿಸಿ ಒಬ್ಬರಿಗೆ ಮೇಲ್ ಬರೆದೆ. ದುಡ್ಡು ಮೂರೇ ದಿನಕ್ಕೆ ಬಂತು. ಮುಂದಿನ ಕೆಲಸ ಈವರೆಗೆ ಬಂದಿಲ್ಲ.

ದೋಷ: ಬಂದ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಕಾಣೆಯಾಗಿದೆ.
ಕಾರಣ: ಟಿಡಿಎಸ್.
ಪರಿಹಾರ: ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ. ವರ್ಷಕ್ಕೊಮ್ಮೆ ನಿಮ್ಮದೇ ದುಡ್ಡು ನಿಮಗೇ ಬಂದಾಗ ಆಗುವ ಸಂತೋಷ ಈ ಕಸುಬಿನ ಬೋನಸ್ಸು. ಜಿಎಸ್‌ಟಿಯ ಚಿಂತೆ ಬೇಡ. ಸೇವೆಗಳಿಗೆ ಅದು ಅನ್ವಯವಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ನಗಬೇಡಿ.

ದೋಷ: "ಬೆಲ್ಲಾರಿ" ಎಂದು ಹುಡುಕಿದವರಿಗೆ ಲೇಖನ ಸಿಗುತ್ತಿಲ್ಲ.
ಕಾರಣ: ಇಂಗ್ಲಿಷಿನಲ್ಲಿ ಊರಿನ ಹೆಸರು 2014ರ ನವೆಂಬರ್ 1ರಿಂದ ಬಳ್ಳಾರಿ. ಹುಡುಕುವವರ ಬೆರಳಿಗೆ ಸರ್ಕಾರದ ಆದೇಶ ಇನ್ನೂ ತಲುಪಿಲ್ಲ.
ಪರಿಹಾರ: ಎರಡನ್ನೂ ಹಾಕಿ. ಒಂದು ಹೆಚ್ಚುವರಿ ಪದ, 50 ಪೈಸೆ.

ದೋಷ: ಹೋಟೆಲಿನವರು ಪುಕ್ಕಟೆ ಊಟ, ಕೋಣೆ ಕೊಟ್ಟು "ಚೆನ್ನಾಗಿ ಬರೀರಿ ಮೇಡಂ" ಎನ್ನುತ್ತಿದ್ದಾರೆ.
ಪರಿಹಾರ: ಉಂಡಿದ್ದರೆ ಉಂಡೆ ಎಂದು ಬರಹದಲ್ಲೇ ಹೇಳಿ. ಹೇಳಲು ನಾಚಿಕೆಯಾದರೆ ಉಣ್ಣಬೇಡಿ. ಬಸ್ ಸ್ಟ್ಯಾಂಡಿನ ಪಕ್ಕ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಯಾವ ಋಣವೂ ಇಲ್ಲದೆ ಸಿಗುತ್ತದೆ.

ದೋಷ: ಹೆಸರು ಬರುತ್ತಿಲ್ಲ.
ಪರಿಹಾರ: ಇದನ್ನು ನಿಧಾನವಾಗಿ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆ ನಮ್ಮ ಪರವಾಗಿದೆ. ನೀವು ಯಾರ ನೌಕರರೂ ಅಲ್ಲದಿದ್ದರೆ ಬರೆದದ್ದರ ಮೊದಲ ಒಡೆಯರು ನೀವೇ. ಹಕ್ಕನ್ನು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲ ಎಂದು ಕರಾರಿನಲ್ಲಿ ಇಲ್ಲದಿದ್ದರೆ ಐದು ವರ್ಷ ಎಂದೇ ಅರ್ಥ, ಯಾವ ಪ್ರದೇಶಕ್ಕೆ ಎಂದು ಇಲ್ಲದಿದ್ದರೆ ಭಾರತಕ್ಕೆ ಮಾತ್ರ. 57ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹಕ್ಕು ಮಾರಿದ ಮೇಲೂ "ಇದನ್ನು ಬರೆದವಳು ನಾನು" ಎಂದು ಹೇಳಿಕೊಳ್ಳುವ ಹಕ್ಕು ಬರೆದವಳ ಬಳಿ ಉಳಿಯುತ್ತದೆ. ಇದನ್ನು ನಾನು ಎದುರು ಮನೆಯ ಅಕ್ಕನಿಗೆ ಓದಿ ಹೇಳಿದೆ. "ಜೇಬಿಗೂ ಅಂಥದ್ದೊಂದು ಐತಾ?" ಎಂದರು. ಇಲ್ಲ ಅಕ್ಕ, ಎಂದೆ.

ಆ ತಿಂಗಳಿಂದ ಪ್ರತಿ ಬಿಲ್ಲಿನ ಕೆಳಗೆ ಒಂದು ಸಾಲು ಹಾಕುತ್ತೇನೆ: ಲೇಖಕಿಯ ಹೆಸರು ಕಡ್ಡಾಯ. ಅದರಿಂದ ಎರಡು ಕೆಲಸ ಹೋದವು, ಒಂದು ಉಳಿಯಿತು. ಉಳಿದ ಒಂದರಲ್ಲಿ ನನ್ನ ಹೆಸರನ್ನು ಮೊದಲ ಸಲ ನೋಡಿದ ದಿನ ಅಮ್ಮ ಮೊಬೈಲನ್ನು ಓಣಿಗೆಲ್ಲ ತೋರಿಸಿ ಬಂದಳು. ಈ ಯಂತ್ರದಿಂದ ಬರುವ ಲಾಭಗಳ ಪಟ್ಟಿಯಲ್ಲಿ ಇದನ್ನು ನಾನು ಎರಡನೆಯದಾಗಿ ಇಡುತ್ತೇನೆ.

7. ಯಂತ್ರವನ್ನು ನಿಲ್ಲಿಸುವ ವಿಧಾನ (ಸಿರುಗುಪ್ಪ)

ಎಲ್ಲ ಕೈಪಿಡಿಗಳೂ ಯಂತ್ರವನ್ನು ಚಾಲೂ ಮಾಡುವುದನ್ನು ಮೊದಲ ಪುಟದಲ್ಲಿ, ನಿಲ್ಲಿಸುವುದನ್ನು ಕೊನೆಯ ಪುಟದಲ್ಲಿ ಹೇಳುತ್ತವೆ. ನಾನು ನಿಲ್ಲಿಸುವುದನ್ನು ಕಲಿತದ್ದು ಸಿರುಗುಪ್ಪ ತಾಲ್ಲೂಕಿನಲ್ಲಿ.

ಹೋದದ್ದು ಅಕ್ಕಿಯ ಮೇಲೆ ಬರೆಯಲು. ಬಳ್ಳಾರಿಯಿಂದ ಉತ್ತರಕ್ಕೆ ಬಸ್ಸು ತೆಕ್ಕಲಕೋಟೆ ಹಾದು ಹೋಗುತ್ತದೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದು ನವಶಿಲಾಯುಗದ ಗುಡ್ಡವಾಸಿಗಳ ನೆಲೆಯನ್ನು ಬೆಳಕಿಗೆ ತಂದ ಊರು ಅದು. ಮುಂದೆ ಸಿರುಗುಪ್ಪ: ರೈಸ್ ಮಿಲ್ಲುಗಳು, ತೌಡಿನ ವಾಸನೆ, ರಸ್ತೆಯ ಅರ್ಧಕ್ಕೆ ಒಣಹಾಕಿದ ಭತ್ತ, ಸೋನಾ ಮಸೂರಿಯ ಮೂಟೆ ತುಂಬಿದ ಲಾರಿಗಳು. ಮಿಲ್ಲಿನಲ್ಲಿ ಪರಿಚಯವಾದ ರೈತರೊಬ್ಬರು, ಕಾಲುವೆ ನೀರು ಹತ್ತದ ಕಡೆ ತಮ್ಮ ಎರೆಹೊಲವೂ ಇದೆ, ಬರ್ತೀಯೇನಮ್ಮ ಎಂದು ಕರೆದರು. ಬೈಕಿನಲ್ಲಿ ಅವರ ಹೆಂಡತಿ, ನಾನು, ಅವರು. ಸಂಜೆ ಐದು ಗಂಟೆ.

ಹೊಲದ ಬದುವಿನ ಮೇಲೆ ಅವರು ತಟ್ಟನೆ ಕೂತರು, ನಮ್ಮನ್ನೂ ಕೂರಿಸಿದರು. ದೂರದಲ್ಲಿ, ಕಟಾವಾದ ಹೊಲದ ಅಂಚಿನಲ್ಲಿ ಏನೋ ನಡೆಯುತ್ತಿತ್ತು. ಮೊದಲು ಆಡಿನ ಮರಿ ಎಂದುಕೊಂಡೆ. ಅದು ಕತ್ತು ಎತ್ತಿತು. ಬಿಳಿ ಕತ್ತು, ಕಪ್ಪು ನೆತ್ತಿ. ಎರಡು ಹೆಜ್ಜೆ ಇಟ್ಟು ನಿಂತಿತು, ಯಾವುದೋ ಜಮೀನ್ದಾರ ತನ್ನ ಗಡಿ ನೋಡಿಕೊಳ್ಳುವ ಹಾಗೆ.

"ಎರೆಭೂತ," ಎಂದು ಅವರು ಪಿಸುಗುಟ್ಟಿದರು.

ಎರೆ ಮಣ್ಣಿನ ಭೂತ. ಎಷ್ಟು ಸರಿಯಾದ ಹೆಸರು! ಕಂಡಿತು ಎನ್ನುವಷ್ಟರಲ್ಲಿ ಮಣ್ಣಿನಲ್ಲಿ ಕರಗುತ್ತದೆ. ಗಂಡು ನಿಂತರೆ ಒಂದು ಮೀಟರ್ ಎತ್ತರ. ಹಾರುವ ಹಕ್ಕಿಗಳಲ್ಲಿ ಅತಿ ತೂಕದವುಗಳ ಸಾಲಿನಲ್ಲಿ ಇದರ ಹೆಸರಿದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರೀ ನೆಲದ ಮೇಲೆ. ಒಂದು ನಾಯಿ, ಒಂದು ಟ್ರ್ಯಾಕ್ಟರು, ಫೋಟೋ ಬೇಕೆಂದು ಹತ್ತಿರ ಹೋದ ಒಂದು ಕಾರು ಸಾಕು, ಆ ವರ್ಷದ ಲೆಕ್ಕ ಮುಗಿಯಿತು. ವಿದ್ಯುತ್ ತಂತಿಗೆ ಬಡಿದು ಸಾಯುವುದು ಬೇರೆ. ದೇಶದಲ್ಲೆಲ್ಲ ಉಳಿದಿರುವುದು ಸುಮಾರು 150 ಎಂಬ ಅಂದಾಜು. ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಇವೆ ಎಂಬುದು ಪತ್ರಿಕೆಗಳಲ್ಲಿ ಬಂದದ್ದೇ. ಎಲ್ಲಿ ಎಂಬುದು ಬಂದಿಲ್ಲ, ಬರಬಾರದು.

ನಾನು ಮೊಬೈಲು ಎತ್ತಿ ಒಂದು ಫೋಟೋ ತೆಗೆದೆ. ಅವರು ಬೇಡ ಎನ್ನಲಿಲ್ಲ. ವಾಪಸ್ ಬರುವಾಗ ಅವರ ಹೆಂಡತಿ ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ, "ಬರಿಯಾದೆಲ್ಲ ಬರಿ ತಂಗಿ. ನಮ್ಮೂರಿನ ಹೆಸರೊಂದು ಹಾಕ್ಬ್ಯಾಡ," ಎಂದರು.

ಆರು ವರ್ಷ ಹೆಸರಿಗಾಗಿ ಹೊಡೆದಾಡಿದವಳಿಗೆ ಆ ಮಾತು ಬೆನ್ನಿಗೆ ತಾಗಿತು. ಲೇಬಲ್ಲಿಲ್ಲದ ಜೀನ್ಸು, ಬ್ಯಾಡಗಿಯ ಹೆಸರಿನ ಕಾಯಿ, ಹೆಸರು ಉಳಿಯದ ಫ್ರೆಂಚ್ ಎಂಜಿನಿಯರ್ ಎಂದು ಎಲ್ಲ ಕಡೆ ಹೆಸರು ಬಿಟ್ಟುಹೋದದ್ದನ್ನೇ ಲೆಕ್ಕವಿಟ್ಟಿದ್ದೆ. ಹೆಸರು ಬಿದ್ದರೆ ಸಾಯುವ ಜೀವವೂ ಇರುತ್ತದೆ ಎಂಬುದು ನನ್ನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ.

ನಿಜವಾಗಿಯೂ ಯಾರಿಗೂ ಗೊತ್ತಿಲ್ಲದ ಜಾಗವೊಂದು ಕೊನೆಗೂ ನನ್ನ ಕೈಗೆ ಸಿಕ್ಕಿತ್ತು. ಬೆಂಗಳೂರಿನಿಂದ ಎಷ್ಟು ಹೊತ್ತಿನ ದಾರಿ, ಎಲ್ಲಿ ತಿರುಗಬೇಕು, ಯಾವ ಹೊತ್ತಿಗೆ ಬೆಳಕು ಚೆನ್ನ, ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿತ್ತು. ಪದಕ್ಕೆ ಎರಡು ರೂಪಾಯಿ ಕೇಳಿದ್ದರೂ ಕೊಡುತ್ತಿದ್ದರು.

ನಿಲ್ಲಿಸುವ ಕ್ರಮ ಹೀಗೆ. ಒಂದು: ಮೊಬೈಲಿನ ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ಸ್ಥಳ ಗುರುತು ಆಫ್ ಮಾಡಿ. ತೆಗೆದ ಪ್ರತಿ ಫೋಟೋದ ಹೊಟ್ಟೆಯಲ್ಲೂ ಅಕ್ಷಾಂಶ ರೇಖಾಂಶ ಅಡಗಿ ಕೂತಿರಬಹುದು. ನೀವು ಬಾಯಿ ಮುಚ್ಚಿಕೊಂಡರೂ ಅದು ಬಾಯಿ ಬಿಡುತ್ತದೆ. ಎರಡು: ತೆಗೆದಾಗಿರುವ ಫೋಟೋದಿಂದ ಅದನ್ನು ಅಳಿಸಿ. ಮೂರು: ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿಯಿರಿ. ನಾಲ್ಕು: ಅಕ್ಕಿಯ ಬಗ್ಗೆ ಬರೆಯಿರಿ.

ಬರೆದೆ. ಸೋನಾ ಮಸೂರಿ, ಮಿಲ್ಲು, ನದಿ, 800 ಪದ. ಸಂಪಾದಕರು ಓದಿ ಫೋನ್ ಮಾಡಿದರು. "ಚೆನ್ನಾಗಿದೆ. ಆದರೆ ಯಾರಿಗೂ ಗೊತ್ತಿಲ್ಲದ್ದು ಏನೂ ಇಲ್ಲವಲ್ಲ ಇದರಲ್ಲಿ?"

"ಇಲ್ಲ ಸರ್," ಎಂದೆ.

ಆ ಫೋಟೋ ಇನ್ನೂ ಮೊಬೈಲಿನಲ್ಲಿದೆ. ಸಂಜೆಯ ಕಪ್ಪು ಹೊಲ, ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಬೂದು ಚುಕ್ಕೆ. ಮೊನ್ನೆ ಅಮ್ಮ ನನ್ನ ಹೆಸರಿರುವ ಲೇಖನವನ್ನು ಪಕ್ಕದವರಿಗೆ ತೋರಿಸಲು ಹುಡುಕುತ್ತ ಈ ಫೋಟೋಗೆ ಬಂದು ನಿಂತಳು. ಎರಡು ಬೆರಳಿನಿಂದ ಹಿಗ್ಗಿಸಿದಳು, ಕನ್ನಡಕ ಏರಿಸಿ ನೋಡಿದಳು.

"ಇದ್ರಾಗೆ ಏನೂ ಕಾಣಂಗಿಲ್ಲಲ್ಲೇ?"

"ಹೌದಮ್ಮ," ಎಂದೆ. "ಏನೂ ಕಾಣಲ್ಲ."